ನನ್ನ ಎಡಿಟ್ ಯಾಕೆ ಅಳಿಸಿದರು? ಗೇಮ್ ವಿಕಿಗೆ ಬರೆಯಲು ಹೊರಟವರಿಗೆ

ಪ್ರಶ್ನೆ: ನಾನು ತಿಪಟೂರಿನವಳು, ಡಿಗ್ರಿ ಎರಡನೇ ವರ್ಷ. ನಾಲ್ಕು ವರ್ಷದಿಂದ ಫೋನಿನಲ್ಲಿ ಮೈನ್‌ಕ್ರಾಫ್ಟ್ ಆಡುತ್ತಿದ್ದೇನೆ. ಹೋದ ತಿಂಗಳು ಈ ಗೇಮಿನ ಬಗ್ಗೆ ಇರುವ ಒಂದು ವಿಕಿಯಲ್ಲಿ, ಅಂದರೆ ಓದುವವರೇ ಬರೆದು ತಿದ್ದುವ ಜಾಲತಾಣದಲ್ಲಿ, ಕತ್ತಿಯ ಪುಟ ಓದುತ್ತಿದ್ದೆ. ಒಂದು ಏಟು ಹೊಡೆದ ಮೇಲೆ ಸ್ವಲ್ಪ ಕಾಯಬೇಕು, ಇಲ್ಲದಿದ್ದರೆ ಮುಂದಿನ ಏಟಿಗೆ ಬಲ ಇರುವುದಿಲ್ಲ ಎಂದು ಅಲ್ಲಿತ್ತು. ನಾನು ದಿನಾ ಆಡುತ್ತೇನೆ, ಹಾಗೇನೂ ಇಲ್ಲ. ಆ ಸಾಲು ತೆಗೆದು 'ಕಾಯಬೇಕಾಗಿಲ್ಲ' ಎಂದು ಬರೆದೆ. ಹತ್ತೇ ನಿಮಿಷದಲ್ಲಿ ಯಾರೋ ಅಳಿಸಿದರು. ಮತ್ತೆ ಹಾಕಿದೆ. ಮತ್ತೆ ಅಳಿಸಿ, ಎಚ್ಚರಿಕೆಯ ಸಂದೇಶ ಕಳಿಸಿದರು. ಇದಕ್ಕೆಲ್ಲ ನಿಯಮ ಇದೆಯೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನಂಥವರು ಬರೆಯಬಹುದೇ, ಅಥವಾ ಸುಮ್ನೆ ಓದಿಕೊಂಡಿರುವುದೇ ಮೇಲೇ?

ಉತ್ತರ: ನಿಮಗೆ ಬೇಜಾರಾಗಿದ್ದು ಸಹಜ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವು ನೋಡಿದ್ದು ಸುಳ್ಳಲ್ಲ. ಆ ಪುಟದಲ್ಲಿ ಇದ್ದದ್ದೂ ಸುಳ್ಳಲ್ಲ. ನೀವಿಬ್ಬರೂ ಎರಡು ಬೇರೆ ಬೇರೆ ಗೇಮ್‌ಗಳ ಬಗ್ಗೆ ಮಾತಾಡುತ್ತಿದ್ದೀರಿ, ಅಷ್ಟೇ.

ಮೈನ್‌ಕ್ರಾಫ್ಟ್‌ನಲ್ಲಿ ಜಾವಾ ಎಡಿಷನ್, ಬೆಡ್‌ರಾಕ್ ಎಡಿಷನ್ ಎಂದು ಎರಡಿವೆ. ಫೋನಿನಲ್ಲಿ ನೀವು ಆಡುವುದು ಬೆಡ್‌ರಾಕ್. ಕಂಪ್ಯೂಟರಿನಲ್ಲಿ ಎರಡೂ ಸಿಗುತ್ತವೆ. ಏಟಿನ ನಡುವೆ ಕಾಯುವ ಪದ್ಧತಿ ಜಾವಾಗೆ ಬಂದದ್ದು 1.9 ಆವೃತ್ತಿಯಲ್ಲಿ, 2016ರ ಫೆಬ್ರವರಿ 29ರಂದು. ಅಲ್ಲಿ ಕತ್ತಿಯಿಂದ ಸೆಕೆಂಡಿಗೆ 1.6 ಏಟು ಲೆಕ್ಕ. ಅಂದರೆ ಒಂದು ಏಟಾದ ಮೇಲೆ ಪೂರ್ತಿ ಬಲ ಮತ್ತೆ ತುಂಬಲು 0.625 ಸೆಕೆಂಡ್ ಬೇಕು. ಅದಕ್ಕೂ ಮೊದಲೇ ಹೊಡೆದರೆ ಬಲ ಕಡಿಮೆಯಾಗುತ್ತದೆ. ಬೆಡ್‌ರಾಕ್‌ನಲ್ಲಿ ಈ ಕೂಲ್‌ಡೌನ್ ಇಲ್ಲ. ಹಾಗಾಗಿ ನಿಮ್ಮ ಅನುಭವ ನಿಮ್ಮ ಎಡಿಷನ್ನಿಗೆ ಸರಿ. ಆದರೆ ನೀವು ಮಾಡಿದ್ದೇನು? ಜಾವಾ ಆಡುವವರಿಗೆ ಬೇಕಾದ ಸಾಲನ್ನು ತೆಗೆದುಹಾಕಿದಿರಿ. ಅಳಿಸಿದವರು ಕಂಡದ್ದು ಅದನ್ನೇ.

ನಿಮಗೆ ಅದನ್ನು ಸಮಾಧಾನವಾಗಿ ವಿವರಿಸಬೇಕಿತ್ತು, ಹೌದು. ಬರೀ ಎಚ್ಚರಿಕೆ ಕಳಿಸಿದ್ದು ಒಳ್ಳೆಯ ಕೆಲಸವಲ್ಲ. ಆದರೂ ಅವರ ಜಾಗದಲ್ಲಿ ನಿಂತು ಒಮ್ಮೆ ನೋಡಿ. ದೊಡ್ಡ ವಿಕಿಯಲ್ಲಿ 'ಇತ್ತೀಚಿನ ಬದಲಾವಣೆಗಳು' ಎಂಬ ಪಟ್ಟಿ ಇಡೀ ದಿನ ಓಡುತ್ತಲೇ ಇರುತ್ತದೆ. ಅದನ್ನು ಕಾಯುವವರು ಸಂಬಳದವರಲ್ಲ. ಓದು, ಕೆಲಸ ಮುಗಿಸಿ ಬಂದು ಕೂತ ಆಟಗಾರರು. ನಿಮ್ಮ ಎಡಿಟ್ ಅವರಿಗೆ ಕಾಣಿಸಿದ್ದು ಹೀಗೆ: ಹೊಸ ಹೆಸರು, ಕಾರಣ ಬರೆದಿಲ್ಲ, ಸರಿಯಿದ್ದ ಸಾಲು ಹೋಗಿದೆ. ಅದರ ಹಿಂದೆ ನಾಲ್ಕು ವರ್ಷ ಆಡಿದ ಹುಡುಗಿ ಇದ್ದಾಳೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಈ 'ಹೇಗೆ ಗೊತ್ತು' ಎನ್ನುವ ಪ್ರಶ್ನೆಯ ಸುತ್ತಲೇ ನನ್ನ ಉತ್ತರ ಪೂರ್ತಿ ಸುತ್ತುತ್ತದೆ. ಒಂದೊಂದು ವಿಕಿಗೆ ಒಂದೊಂದು ನಿಯಮ ಇರುತ್ತದೆ. ಅವುಗಳ ಬರವಣಿಗೆಯ ನಿಯಮಗಳಲ್ಲಿ ಹೆಚ್ಚಿನವು ಬಂದಿರುವುದು ಇದೇ ಪ್ರಶ್ನೆಯಿಂದ. ನಿಮ್ಮ ಮುಖ ನೋಡದ, ನಿಮ್ಮ ಮಾತು ನಂಬಬೇಕಾಗಿಲ್ಲದ ಒಬ್ಬ ಅಪರಿಚಿತ ನೀವು ಬರೆದದ್ದನ್ನು ತಾನೇ ಪರೀಕ್ಷಿಸಿ ನೋಡಲು ಆಗಬೇಕು. ಯಾವ ಎಡಿಷನ್, ಯಾವ ಆವೃತ್ತಿ, ಎಲ್ಲಿ ನೋಡಿದ್ದು, ಹೇಗೆ ಪರೀಕ್ಷಿಸಿದ್ದು. ಇಷ್ಟು ಇದ್ದರೆ ನಿಮ್ಮ ಎಡಿಟ್ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಸರಿಯೇ. ಅದರ ಬಗ್ಗೆ ಆಮೇಲೆ ಬರುತ್ತೇನೆ.

ನೀವು ಯಾವ ವಿಕಿ ಎಂದು ಬರೆದಿಲ್ಲ. ಇರಲಿ, ಮುಂದೆ ನಾನು ಕೊಡುವ ಉದಾಹರಣೆಗಳೂ ಮೈನ್‌ಕ್ರಾಫ್ಟ್‌ನವೇ. ಬೇರೆ ಗೇಮ್‌ಗಳ ವಿಕಿಗಳಲ್ಲೂ ಮಾತು ಇಷ್ಟೇ.

ಎಡಿಷನ್ ವಿಷಯ ಕತ್ತಿಯ ವೇಗಕ್ಕೆ ಮಾತ್ರ ನಿಲ್ಲುವುದಿಲ್ಲ. ವಜ್ರದ ಕತ್ತಿಯ ಒಂದು ಏಟಿಗೆ ಜಾವಾದಲ್ಲಿ 7 ಡ್ಯಾಮೇಜ್, ಬೆಡ್‌ರಾಕ್‌ನಲ್ಲಿ 8. ನೆದರೈಟ್ ಕತ್ತಿಗೆ ಜಾವಾದಲ್ಲಿ 8, ಬೆಡ್‌ರಾಕ್‌ನಲ್ಲಿ 9. ಫೋನಿನಲ್ಲಿ ಆಡುವವರೊಬ್ಬರು ಪುಟದಲ್ಲಿ 7 ನೋಡಿ 'ತಪ್ಪಾಗಿದೆ' ಎಂದು 8 ಮಾಡುತ್ತಾರೆ. ಮರುದಿನ ಜಾವಾದವರು ಅದನ್ನು ಮತ್ತೆ 7 ಮಾಡುತ್ತಾರೆ. ಇಬ್ಬರೂ ಪ್ರಾಮಾಣಿಕರು, ಪುಟ ಮಾತ್ರ ಉಯ್ಯಾಲೆ ಆಡುತ್ತದೆ. ಇದಕ್ಕೇ ಸಂಖ್ಯೆಯ ಪಕ್ಕ ಯಾವ ಎಡಿಷನ್ ಎಂದು ತೋರಿಸುವ ಚಿಕ್ಕ ಗುರುತು ಹಾಕುತ್ತಾರೆ. ಅದನ್ನು ಹಾಕಲು ಸಿದ್ಧ ಟೆಂಪ್ಲೇಟು, ಅಂದರೆ ಹೆಸರು ಬರೆದರೆ ತಾನಾಗಿ ಮೂಡುವ ಅಚ್ಚು, ಇರುತ್ತದೆ. ಒಂದು ಸಂಖ್ಯೆ ನಿಮ್ಮ ಗೇಮಿಗೆ ಹೊಂದಲಿಲ್ಲ ಎಂದರೆ ಅದನ್ನು ಬದಲಿಸುವ ಮುಂಚೆ ಆ ಗುರುತು ಇದೆಯೇ ನೋಡಿ. ಇಲ್ಲ ಎಂದರೆ ಹಳೆಯ ಸಂಖ್ಯೆಯನ್ನು ಅಳಿಸಬೇಡಿ. ಪಕ್ಕದಲ್ಲಿ ನಿಮ್ಮದನ್ನು ಗುರುತಿನ ಜೊತೆ ಸೇರಿಸಿ.

ಆವೃತ್ತಿಯೂ ಅಷ್ಟೇ ಮುಖ್ಯ. ವಜ್ರ ಬೇಕಾದರೆ 11 ಅಥವಾ 12ನೇ ಮಟ್ಟದಲ್ಲಿ (ಆಗ ಲೋಕದ ತಳದಿಂದ ಎಣಿಸಿದ ಎತ್ತರ) ಅಗೆಯಿರಿ ಎಂದು ವರ್ಷಾನುಗಟ್ಟಲೆ ಎಲ್ಲರೂ ಹೇಳುತ್ತಿದ್ದರು. ಆಗ ಅದು ಸರಿಯೇ ಆಗಿತ್ತು. 2021ರ ನವೆಂಬರ್ 30ರಂದು 1.18 ಬಂತು. ಲೋಕದ ತಳ ಸೊನ್ನೆಯಿಂದ ಕೆಳಗಿಳಿದು ಮೈನಸ್ 64ಕ್ಕೆ ಹೋಯಿತು. ಮೇಲಿನ ಮಿತಿ 256ರಿಂದ 320ಕ್ಕೆ ಏರಿತು. ವಜ್ರ ಈಗ ಆಳಕ್ಕೆ ಹೋದಷ್ಟೂ ಜಾಸ್ತಿ, ತಳದ ಹತ್ತಿರ ಮೈನಸ್ 58, ಮೈನಸ್ 59ರ ಆಸುಪಾಸು. ಆದರೆ ಹಳೆಯ ವಿಡಿಯೊಗಳು, ಹಳೆಯ ಬರಹಗಳು ಹಾಗೇ ಉಳಿದುಕೊಂಡಿವೆ. ಅವುಗಳನ್ನು ನೋಡಿ ಬಂದವರು ಸರಿ ಇರುವ ಪುಟವನ್ನು 'ಸರಿಪಡಿಸಲು' ಹೋಗುತ್ತಾರೆ. ಒಳ್ಳೆಯ ವಿಕಿಯಲ್ಲಿ ಹಳೆಯ ಮಾಹಿತಿಯನ್ನೂ ಎಸೆಯುವುದಿಲ್ಲ. ಪುಟದ ಕೊನೆಗೆ ಇತಿಹಾಸದ ಭಾಗ ಇರುತ್ತದೆ, ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂದು ಸಾಲಾಗಿ ಬರೆದಿರುತ್ತಾರೆ. ನಿಮ್ಮ ಹತ್ತಿರ ಹಳೆಯ ಮಾಹಿತಿ ಇದ್ದರೆ ಅದರ ಜಾಗ ಅಲ್ಲಿ. ನನಗೆ ಈ ಭಾಗ ತುಂಬಾ ಇಷ್ಟ. ಹತ್ತು ವರ್ಷದ ಹಿಂದೆ ಆಡಿದ ಗೇಮ್ ಹೇಗಿತ್ತು ಎಂದು ನೆನಪಿಟ್ಟುಕೊಂಡಿರುವ ಜಾಗ ಬೇರೆ ಎಲ್ಲೂ ಇಲ್ಲ.

ಇನ್ನೂ ಬರದೇ ಇರುವುದನ್ನು ಬರೆಯುವಾಗ ಇನ್ನೂ ಹುಷಾರಾಗಿರಬೇಕು. ಈ ಗೇಮ್ ತಯಾರಿಸುವ ಮೊಜಾಂಗ್ ಕಂಪನಿ 2021ರಲ್ಲಿ ಮಿಂಚುಹುಳ ಬರುತ್ತದೆ ಎಂದು ತೋರಿಸಿತು. ಕಪ್ಪೆಗಳು ಅವನ್ನು ತಿನ್ನುತ್ತವೆ ಎಂದೂ ಇತ್ತು. ಆಮೇಲೆ, ನಿಜವಾದ ಮಿಂಚುಹುಳ ಕೆಲವು ಜಾತಿಯ ಕಪ್ಪೆಗಳಿಗೆ ವಿಷ ಎಂದು ಗೊತ್ತಾಗಿ ಕೈಬಿಟ್ಟರು. ಮಿಂಚುಹುಳದ ಪೊದೆ ಎಂಬ ರೂಪದಲ್ಲಿ ಅದು ಗೇಮಿಗೆ ಬಂದದ್ದು 2025ರಲ್ಲಿ, 1.21.5ರ ಜೊತೆ. ಬಂಡಲ್ ಎಂಬ ಚೀಲದ ಕಥೆ ಇನ್ನೂ ಉದ್ದ. 2020ರ ನವೆಂಬರಿನ ಪರೀಕ್ಷಾ ಆವೃತ್ತಿಯಲ್ಲಿ ಕಾಣಿಸಿಕೊಂಡ ಅದು ಎಲ್ಲರ ಗೇಮಿಗೆ ಸರಿಯಾಗಿ ಬರುವಷ್ಟರಲ್ಲಿ 2024ರ ಅಕ್ಟೋಬರ್ ಆಗಿತ್ತು. ನಡುವೆ ಸುಮಾರು ನಾಲ್ಕು ವರ್ಷ! 'ಗೇಮಿನಲ್ಲಿ ಮಿಂಚುಹುಳ ಇದೆ' ಎಂದು 2021ರಲ್ಲೇ ಬರೆದಿದ್ದರೆ ಎಷ್ಟು ಜನ ಹುಡುಕಿ ಸುಸ್ತಾಗುತ್ತಿದ್ದರು ನೋಡಿ. ಪರೀಕ್ಷಾ ಆವೃತ್ತಿಯಲ್ಲಿ ಇರುವುದನ್ನು 'ಮುಂದೆ ಬರಲಿದೆ' ಎಂಬ ಗುರುತಿನ ಜೊತೆಗೇ ಬರೆಯಬೇಕು. ಕದ್ದು ಹೊರಬಂದ ಮಾಹಿತಿ, ಯಾರೋ ಹೇಳಿದರು ಎನ್ನುವಂಥದ್ದು ಬೇಡವೇ ಬೇಡ.

ಈಗ ಪರೀಕ್ಷೆ ಮಾಡುವ ವಿಷಯ. ಇದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ವಿದರ್ ಸ್ಕೆಲಿಟನ್ ಎಂಬ ಕಪ್ಪು ಅಸ್ಥಿಪಂಜರ ನಿಮಗೆ ಗೊತ್ತಲ್ವಾ? ಅದನ್ನು ಕೊಂದರೆ ತಲೆಬುರುಡೆ ಸಿಗುವ ಸಾಧ್ಯತೆ 2.5%. ನಾನು ಹೊಸದಾಗಿ ಎಡಿಟ್ ಮಾಡುತ್ತಿದ್ದಾಗ 40 ಕೊಂದಿದ್ದೆ, ಒಂದು ಬುರುಡೆಯೂ ಸಿಗಲಿಲ್ಲ. ಲೆಕ್ಕದ ಪ್ರಕಾರ ಒಂದಾದರೂ ಬರಬೇಕಿತ್ತು, ಪುಟದಲ್ಲಿ ತಪ್ಪಿದೆ ಎಂದುಕೊಂಡು ಸಂಖ್ಯೆ ಬದಲಿಸಿಬಿಟ್ಟೆ. ಅದನ್ನು ಹಿಂದಕ್ಕೆ ತಂದವರು, ಪ್ರತಿ ಪುಟಕ್ಕೂ ಜೊತೆಗಿರುವ ಚರ್ಚೆ ಪುಟದಲ್ಲಿ ನನಗಾಗಿ ಕೂತು ಲೆಕ್ಕ ಬರೆದಿದ್ದರು. ಒಂದನ್ನು ಕೊಂದಾಗ ಬುರುಡೆ ಸಿಗದಿರುವ ಸಾಧ್ಯತೆ 97.5%. ಅದನ್ನು 40 ಸಲ ಗುಣಿಸಿದರೆ ಸುಮಾರು 36%. ಅಂದರೆ 40 ಕೊಂದವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಬರಿಗೈಯಲ್ಲಿ ಬರುತ್ತಾರೆ. 100 ಕೊಂದರೂ ಸುಮಾರು 8% ಜನರಿಗೆ ಏನೂ ಸಿಗುವುದಿಲ್ಲ. ನನ್ನ 40 ಒಂದು ಪರೀಕ್ಷೆಯೇ ಆಗಿರಲಿಲ್ಲ. ಆ ದಿನ ನನಗೆ ಲೆಕ್ಕ ಹೇಳಿಕೊಟ್ಟ ಆ ವ್ಯಕ್ತಿಯ ಹೆಸರು ಇವತ್ತಿಗೂ ಗೊತ್ತಿಲ್ಲ. ಆದರೆ ಹೊಸಬರ ಎಡಿಟ್ ತೆಗೆಯುವಾಗಲೆಲ್ಲ ಅವರ ನೆನಪಾಗುತ್ತದೆ. ಎರಡು ಸಾಲು ಕಾರಣ ಬರೆಯದೆ ನಾನು ಯಾರದ್ದನ್ನೂ ತೆಗೆಯುವುದಿಲ್ಲ.

ಇಂಥ ಸಂಖ್ಯೆಗಳಿಗೆ ಆಡಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇದೆ. ಜಾವಾ ಎಡಿಷನ್ನಿನ ಫೈಲುಗಳನ್ನು ತೆರೆದರೆ ಯಾವ ಮಾಬ್ (ಗೇಮಿನೊಳಗಿನ ಪ್ರಾಣಿ ಅಥವಾ ರಾಕ್ಷಸ) ಸತ್ತಾಗ ಏನು ಬೀಳಬೇಕು ಎಂಬ ಪಟ್ಟಿಗಳು ಸಿಗುತ್ತವೆ. ಲೂಟ್ ಟೇಬಲ್ ಎನ್ನುತ್ತಾರೆ. ಓದಲು ಬರುವಂಥ ಸಾದಾ ಪಠ್ಯವೇ. ವಿದರ್ ಸ್ಕೆಲಿಟನ್ನಿನ ಫೈಲಿನಲ್ಲಿ 0.025 ಎಂದು ಇರುತ್ತದೆ. ಕತ್ತಿಗೆ ಹಾಕುವ ಲೂಟಿಂಗ್ ಮಂತ್ರದ ಪ್ರತಿ ಹಂತಕ್ಕೆ 1% ಸೇರುತ್ತದೆ, ಮೂರನೇ ಹಂತಕ್ಕೆ 5.5%. ಇದು ಯಾರ ಅನುಭವವೂ ಅಲ್ಲ, ಊಹೆಯೂ ಅಲ್ಲ. ಯಾರು ಬೇಕಾದರೂ ತೆರೆದು ನೋಡಬಹುದು.

ಆಡಿಯೇ ನೋಡಬೇಕು ಎಂದರೆ ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಹೊಸ ಲೋಕ ಮಾಡಿಕೊಳ್ಳಿ, ಮಾಡ್‌ಗಳು (ಬೇರೆಯವರು ಮಾಡಿದ, ಗೇಮನ್ನು ಬದಲಿಸುವ ಸೇರ್ಪಡೆಗಳು) ಯಾವುವೂ ಇರಬಾರದು, ಆವೃತ್ತಿಯ ಸಂಖ್ಯೆ ಮೊದಲೇ ಬರೆದಿಟ್ಟುಕೊಳ್ಳಿ. ಕ್ರೀಪರ್ ಎಷ್ಟು ಹೊತ್ತಿಗೆ ಸಿಡಿಯುತ್ತದೆ ಎಂದು ನೋಡಬೇಕೇ? ಅದು ಬುಸುಗುಟ್ಟಲು ಶುರು ಮಾಡಿ ಒಂದೂವರೆ ಸೆಕೆಂಡಿಗೆ ಸಿಡಿಯುತ್ತದೆ. ಗೇಮಿನ ಲೆಕ್ಕದಲ್ಲಿ 30 ಟಿಕ್, ಯಾಕೆಂದರೆ ಸೆಕೆಂಡಿಗೆ 20 ಟಿಕ್. ಇದನ್ನು ಕಣ್ಣಂದಾಜಿನಲ್ಲಿ ಅಳೆಯಲು ಆಗುವುದಿಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಿ ಫ್ರೇಮ್ ಫ್ರೇಮ್ ಎಣಿಸಬೇಕು. ಫೋನ್ ಬಿಸಿಯಾಗಿ ಗೇಮ್ ತಡವರಿಸುತ್ತಿದ್ದರೆ ಆ ರೆಕಾರ್ಡ್ ಪಕ್ಕಕ್ಕಿಟ್ಟು ಇನ್ನೊಮ್ಮೆ ಮಾಡಿ.

ಯಾವುದನ್ನು ಆಧಾರ ಎಂದು ಒಪ್ಪಬಹುದು? ಗೇಮಿನ ಫೈಲು, ಕಂಪನಿಯ ಅಪ್‌ಡೇಟ್ ಟಿಪ್ಪಣಿ, ಎಲ್ಲರೂ ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆ. ಈ ಮೂರು ಗಟ್ಟಿ. ಯೂಟ್ಯೂಬ್ ವಿಡಿಯೊ ಒಂದು ಸುಳಿವು, ಅದು ಆಧಾರ ಅಲ್ಲ. ವಿಡಿಯೊ ಮಾಡಿದವರು ಆ ವಿಕಿಯನ್ನೇ ಓದಿ ಹೇಳಿರಬಹುದು. ಆಗ ವಿಕಿಯ ತಪ್ಪಿಗೆ ವಿಡಿಯೊ ಆಧಾರ, ವಿಡಿಯೊದ ತಪ್ಪಿಗೆ ವಿಕಿ ಆಧಾರ ಎಂದಾಗುತ್ತದೆ. ಅಪ್‌ಡೇಟ್ ಟಿಪ್ಪಣಿಯನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಹೆರೊಬ್ರೈನ್ ಎಂಬ ಬಿಳಿ ಕಣ್ಣಿನ ದೆವ್ವದ ಗಾಳಿಸುದ್ದಿ ನೀವೂ ಕೇಳಿರುತ್ತೀರಿ. 'ಹೆರೊಬ್ರೈನ್‌ನನ್ನು ತೆಗೆದಿದ್ದೇವೆ' ಎಂದು ಕಂಪನಿಯೇ ಎಷ್ಟೋ ಅಪ್‌ಡೇಟ್‌ಗಳ ಟಿಪ್ಪಣಿಯಲ್ಲಿ ತಮಾಷೆಗೆ ಬರೆದಿತ್ತು. ಅದನ್ನು ನಂಬಿ, ಮೊದಲು ಅವನು ಇದ್ದ ಎಂದು ಎಷ್ಟು ಮಕ್ಕಳು ವಾದ ಮಾಡಿದ್ದಾರೆ! ಅವನು ಗೇಮಿನಲ್ಲಿ ಯಾವತ್ತೂ ಇರಲಿಲ್ಲ.

ಎಐ ಬರೆದುಕೊಟ್ಟದ್ದನ್ನು ತಂದು ಅಂಟಿಸುವ ಬಗ್ಗೆಯೂ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಭಯ ಇದ್ದವರಿಗೆ ಆ ದಾರಿ ಸುಲಭವಾಗಿ ಕಾಣುತ್ತದೆ. ದಯವಿಟ್ಟು ಬೇಡ. ಅದು ಜಾವಾ, ಬೆಡ್‌ರಾಕ್, ಹಳೆಯದು, ಹೊಸದು ಎಲ್ಲವನ್ನೂ ಕಲಸಿ ನುಣ್ಣಗೆ ಬರೆದುಕೊಡುತ್ತದೆ. ಭಾಷೆ ಚೆನ್ನಾಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಿಮ್ಮದೇ ಮುರುಕು ಇಂಗ್ಲಿಷಿನಲ್ಲಿ ಒಂದು ಸರಿಯಾದ ಸಾಲು ಬರೆಯಿರಿ. ವ್ಯಾಕರಣ ತಿದ್ದಲು ಬೇರೆಯವರು ಇರುತ್ತಾರೆ. ವಿಷಯ ತಿದ್ದುವುದು ಅದಕ್ಕಿಂತ ಕಷ್ಟ.

ಬರೆಯುವ ರೀತಿಯಲ್ಲಿ ಜಾಸ್ತಿ ಗುಟ್ಟೇನೂ ಇಲ್ಲ. 'ನೀವು ಹೀಗೆ ಮಾಡಿ' ಎಂದು ಬರೆಯುವ ಬದಲು 'ಆಟಗಾರ ಹೀಗೆ ಮಾಡಿದರೆ ಹೀಗಾಗುತ್ತದೆ' ಎಂಬ ಧಾಟಿ ಇರಲಿ. 'ಬೆಸ್ಟ್ ಕತ್ತಿ', 'ಈ ವಸ್ತು ದಂಡ' ಎಂಬಂಥ ಮಾತು ಬೇಡ. ಎಷ್ಟು ಡ್ಯಾಮೇಜ್, ಎಷ್ಟು ಬಾಳಿಕೆ ಎಂದು ಬರೆದರೆ ಯಾವುದು ಮೇಲು ಎಂದು ಓದುವವರೇ ತೀರ್ಮಾನ ಮಾಡುತ್ತಾರೆ. ನಿಮ್ಮದೇ ಉಪಾಯಗಳು, ಕಟ್ಟಡದ ವಿನ್ಯಾಸಗಳು ಇದ್ದರೆ ಟ್ಯುಟೋರಿಯಲ್‌ಗಳಿಗೆ ಬೇರೆಯೇ ಜಾಗ ಇದೆಯೇ ನೋಡಿ. ಮಾಡ್‌ಗಳ ಬಗ್ಗೆ ಬರೆಯುವ ಮುಂಚೆ ಅದಕ್ಕೆ ಆ ವಿಕಿಯಲ್ಲಿ ಅವಕಾಶ ಇದೆಯೇ ಎಂದೂ ನೋಡಿಕೊಳ್ಳಿ.

ಚಿತ್ರ ಹಾಕುವುದಾದರೆ ರಿಸೋರ್ಸ್ ಪ್ಯಾಕ್, ಶೇಡರ್ ಮುಂತಾದ ಗೇಮಿನ ನೋಟ ಬದಲಿಸುವವನ್ನೆಲ್ಲ ತೆಗೆದು ಗೇಮಿನ ಮೂಲ ರೂಪದಲ್ಲೇ ತೆಗೆಯಿರಿ. ಫೋನಿನ ಸ್ಕ್ರೀನ್‌ಶಾಟಿನಲ್ಲಿ ಬೆರಳಿನ ಬಟನ್‌ಗಳು, ಬ್ಯಾಟರಿ ಗುರುತು ಬಂದುಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅವನ್ನು ಮರೆಮಾಡಿ ತೆಗೆಯಿರಿ.

ಇನ್ನು ನಿಮ್ಮ ಪ್ರಶ್ನೆಯ ನೋವಿನ ಭಾಗ, ಎಡಿಟ್ ಅಳಿಸಿದಾಗ ಏನು ಮಾಡಬೇಕು ಎನ್ನುವುದು. ಮೊದಲ ಸಲ ನೀವು ಆ ಸಾಲು ತೆಗೆದದ್ದಕ್ಕಿಂತ ಎರಡನೇ ಸಲ ನೀವು ಮತ್ತೆ ಹಾಕಿದ್ದೇ ಎಚ್ಚರಿಕೆಗೆ ಕಾರಣ. ಒಬ್ಬರು ಹಾಕುವುದು, ಒಬ್ಬರು ತೆಗೆಯುವುದು, ಮತ್ತೆ ಹಾಕುವುದು. ಇದಕ್ಕೆ ಎಡಿಟ್ ವಾರ್ ಎನ್ನುತ್ತಾರೆ. ಯಾವ ವಿಕಿಯೂ ಇದನ್ನು ಸಹಿಸುವುದಿಲ್ಲ, ನಿಮ್ಮ ಮಾತು ಸರಿಯಾಗಿದ್ದರೂ ಕೂಡ. ಒಂದು ಸಲ ತೆಗೆದರೆ ಮೊದಲು 'ಇತಿಹಾಸ ನೋಡಿ' ಒತ್ತಿ. ಯಾರು ತೆಗೆದರು, ಪಕ್ಕದಲ್ಲಿ ಏನು ಕಾರಣ ಬರೆದಿದ್ದಾರೆ, ಅದು ಅಲ್ಲಿ ಇರುತ್ತದೆ. ನೀವು ಬರೆದದ್ದೂ ಅಲ್ಲೇ ಇರುತ್ತದೆ, ಎಲ್ಲೂ ಕಳೆದುಹೋಗಿರುವುದಿಲ್ಲ. ಆಮೇಲೆ ಆ ಪುಟದ ಚರ್ಚೆ ಪುಟಕ್ಕೆ ಹೋಗಿ ಕೇಳಿ. ಕೊನೆಗೆ ನಾಲ್ಕು ಟಿಲ್ಡೆ, ಅಂದರೆ ಅಲೆಯಂಥ ಆ ಗುರುತನ್ನು ನಾಲ್ಕು ಸಲ ಒತ್ತಿದರೆ ನಿಮ್ಮ ಹೆಸರು, ಸಮಯ ತಾನಾಗಿ ಬರುತ್ತದೆ. ಸಹಿ ಇಲ್ಲದ ಮಾತಿಗೆ ಉತ್ತರ ಕೊಡುವುದು ಕಷ್ಟ.

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟಿದ್ದಾರೆ. ನನಗೆ ಅದಕ್ಕಿಂತ ಸರಿಯಾದ ಹೆಸರು ಹೊಳೆಯುವುದಿಲ್ಲ. ಕಟ್ಟೆಗೆ ಬಂದ ಹೊಸಬರು ಮೊದಲು ಕೂತು, ನಾಲ್ಕು ಮಾತು ಕೇಳಿಸಿಕೊಂಡು, ಆಮೇಲೆ ತಮ್ಮ ಮಾತು ಹೇಳುತ್ತಾರೆ. ಗೇಮ್ ವಿಕಿಗೂ ಹಾಗೇ ಹೋಗಿ. ಎಡಿಟ್ ಮಾಡುವ ಮುಂಚೆ ಆ ಪುಟದ ಹಳೆಯ ಚರ್ಚೆ ಓದಿ. ನಿಮಗೆ ಬಂದ ಸಂಶಯ ಮೊದಲೇ ಬೇರೆ ಯಾರಿಗೋ ಬಂದಿರಬಹುದು, ಅದಕ್ಕೆ ಉತ್ತರವೂ ಅಲ್ಲೇ ಇರಬಹುದು.

ದಿನದ ಅಭ್ಯಾಸಗಳಲ್ಲಿ ನಾನು ಒಂದನ್ನು ಎಲ್ಲಕ್ಕಿಂತ ಮೇಲಿಡುತ್ತೇನೆ. ಉಳಿಸುವ ಮುಂಚೆ ಸಾರಾಂಶದ ಚಿಕ್ಕ ಪೆಟ್ಟಿಗೆ ಕಾಣುತ್ತದಲ್ಲ, ಅದನ್ನು ಖಾಲಿ ಬಿಡಬೇಡಿ. 'ಬೆಡ್‌ರಾಕ್‌ಗೆ ಬೇರೆ ಸಂಖ್ಯೆ ಸೇರಿಸಿದೆ, ಪರೀಕ್ಷೆ ಚರ್ಚೆ ಪುಟದಲ್ಲಿ' ಎಂದು ಅದರಲ್ಲಿ ಒಂದು ಸಾಲು ಇದ್ದರೆ, ಬದಲಾವಣೆಗಳ ಪಟ್ಟಿ ಕಾಯುವವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಮುನ್ನೋಟ ಒತ್ತಿ ಒಮ್ಮೆ ನೋಡಿ ಉಳಿಸಿ. ಒಂದು ಎಡಿಟ್‌ನಲ್ಲಿ ಒಂದೇ ಕೆಲಸ ಮಾಡಿ. ಹತ್ತು ಬದಲಾವಣೆ ಒಟ್ಟಿಗೆ ಮಾಡಿ ಅದರಲ್ಲಿ ಒಂದು ತಪ್ಪಾದರೆ ಹತ್ತೂ ಹೋಗುತ್ತವೆ. ಖಾತೆ ತೆರೆಯದೆ ಬರೆದರೆ ಅನೇಕ ವಿಕಿಗಳಲ್ಲಿ ನಿಮ್ಮ ಐಪಿ ವಿಳಾಸ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಖಾತೆ ಇರಲಿ, ಆದರೆ ನಿಜ ಹೆಸರು, ಕಾಲೇಜು, ಫೋನ್ ನಂಬರ್ ಬೇಡ. ಅಲ್ಲಿ ಬರೆದದ್ದು ಹಳೆಯ ಆವೃತ್ತಿಗಳಲ್ಲಿ ಹಾಗೇ ಉಳಿಯುತ್ತದೆ.

ನಕಲು ಮಾಡುವ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಒಳ್ಳೆಯವರೇ ಎಡವುತ್ತಾರೆ. ಗೇಮ್ ವಿಕಿಗಳ ಬರಹ ಹೆಚ್ಚಾಗಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುತ್ತದೆ. ತೆಗೆದುಕೊಳ್ಳಬಹುದು, ಆದರೆ ಎಲ್ಲಿಂದ ಎಂದು ಹೇಳಬೇಕು, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡಬೇಕು. ಮೈನ್‌ಕ್ರಾಫ್ಟ್ ವಿಕಿಯ ಪರವಾನಗಿಯಲ್ಲಿ ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತೂ ಇದೆ. ವಿಕಿಪೀಡಿಯದ ಪರವಾನಗಿಯಲ್ಲಿ ಆ ಷರತ್ತು ಇಲ್ಲ. ಹಾಗಾಗಿ ಮೈನ್‌ಕ್ರಾಫ್ಟ್ ವಿಕಿಯ ಸಾಲುಗಳನ್ನು ಕನ್ನಡಕ್ಕೆ ಅನುವಾದಿಸಿ ಕನ್ನಡ ವಿಕಿಪೀಡಿಯಕ್ಕೆ ಹಾಕುವಂತಿಲ್ಲ. ವಿಷಯ ತಿಳಿದುಕೊಂಡು ನಿಮ್ಮ ಮಾತಿನಲ್ಲಿ ಬರೆಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇದೇ ಪರವಾನಗಿಯಿಂದ ಇನ್ನೊಂದು ಅನುಕೂಲವೂ ಆಗಿದೆ. 2009ರಲ್ಲಿ ಶುರುವಾದ ಮೈನ್‌ಕ್ರಾಫ್ಟ್ ವಿಕಿ 2023ರ ಸೆಪ್ಟೆಂಬರಿನಲ್ಲಿ ಅನೇಕ ವಿಕಿಗಳಿರುವ ಫ್ಯಾಂಡಮ್ ಜಾಲತಾಣ ಬಿಟ್ಟು ತನ್ನದೇ ವಿಳಾಸಕ್ಕೆ ಹೋಯಿತು. ರೂನ್‌ಸ್ಕೇಪ್ ಗೇಮಿನ ವಿಕಿ ಅದಕ್ಕೂ ಮೊದಲೇ, 2018ರಲ್ಲಿ ಹೀಗೆ ಹೊರಟಿತ್ತು. ಬರೆದವರು ತಮ್ಮ ಬರಹವನ್ನೂ ಜೊತೆಗೆ ಕೊಂಡೊಯ್ಯಲು ಆದದ್ದು ಅದು ಎಲ್ಲರದ್ದಾಗಿದ್ದರಿಂದ. ಆದರೆ ಹಳೆಯ ಜಾಗದಲ್ಲಿ ಹಳೆಯ ಪುಟಗಳೂ ಉಳಿದುಕೊಂಡಿವೆ, ಹುಡುಕಿದಾಗ ಎರಡೂ ಕಾಣಿಸಬಹುದು. ನೀವು ಬರೆಯುತ್ತಿರುವುದು ಯಾವುದಕ್ಕೆ ಎಂದು ವಿಳಾಸ ನೋಡಿಕೊಳ್ಳಿ. ಬರೆಯುವವರು ಜಾಸ್ತಿ ಎಲ್ಲಿ ಸೇರಿದ್ದಾರೋ ಅಲ್ಲಿ ಬರೆಯುವುದು ಒಳ್ಳೆಯದು. ನಿಮ್ಮ ತಪ್ಪು ತಿದ್ದಲು, ನಿಮಗೆ ಕಲಿಸಲು ಜನ ಇರುತ್ತಾರೆ.

ಭಾಷೆಯ ಬಗ್ಗೆ ಕೇಳಿದಿರಿ. ಇಂಗ್ಲಿಷ್ ಅಷ್ಟಾಗಿ ಬೇಕಾಗದ ಕೆಲಸ ವಿಕಿಯಲ್ಲಿ ತುಂಬಾ ಇದೆ. ಕೋಷ್ಟಕದ ಸಂಖ್ಯೆ ನೋಡುವುದು, ಮುರಿದ ಕೊಂಡಿ ಸರಿ ಮಾಡುವುದು, ಹಳೆಯ ಚಿತ್ರದ ಜಾಗಕ್ಕೆ ಹೊಸದು ಹಾಕುವುದು, ಬೆಡ್‌ರಾಕ್‌ನಲ್ಲಿ ಪರೀಕ್ಷೆ ಮಾಡಿ ಹೇಳುವುದು. ಈ ಕೊನೆಯದಕ್ಕೆ ನಿಮ್ಮಂಥವರು ತುಂಬಾ ಬೇಕು. ಫೈಲು ತೆರೆದು ನೋಡುವವರು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಜಾವಾ ಆಡುವವರು. ಫೋನಿನಲ್ಲಿ ಏನಾಗುತ್ತದೆ ಎಂದು ಶ್ರದ್ಧೆಯಿಂದ ನೋಡಿ ಬರೆಯುವವರು ಕಡಿಮೆ. ನಮ್ಮ ಕಡೆ ಫೋನಿನಲ್ಲಿ ಆಡುವವರು ಎಷ್ಟು ಜನ ಇದ್ದಾರೆ ಎಂದು ನಿಮ್ಮ ತರಗತಿಯಲ್ಲೇ ನೋಡಿದರೆ ಗೊತ್ತಾಗುತ್ತದೆ.

ಕನ್ನಡದಲ್ಲೇ ಕೆಲಸ ಮಾಡಬೇಕು ಎಂದರೆ ಜಾವಾ ಎಡಿಷನ್ನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದರ ಅನುವಾದ ನಡೆಯುವುದು ಕ್ರೌಡಿನ್ ಎಂಬ ಜಾಲತಾಣದಲ್ಲಿ, ಆಟಗಾರರ ಕೈಯಲ್ಲೇ. ಎಡಿಟ್ ಮಾಡಲು ಕೈ ಪಳಗಬೇಕು ಎಂದರೆ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು 'ಪ್ರಯೋಗಪುಟ'ದಲ್ಲಿ ಬರೆದು ನೋಡಿ. ಮೈನ್‌ಕ್ರಾಫ್ಟ್ ವಿಕಿ ನಡೆಯುವುದೂ ಅದೇ ಮೀಡಿಯಾವಿಕಿ ತಂತ್ರಾಂಶದ ಮೇಲೆ. ಎರಡು ಚೌಕ ಆವರಣದೊಳಗೆ ಬರೆದರೆ ಕೊಂಡಿ, ಎರಡು ಪುಷ್ಪಾವರಣದೊಳಗೆ ಬರೆದರೆ ಟೆಂಪ್ಲೇಟು. ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತದೆ. ಕನ್ನಡದಲ್ಲೇ ಹೊಸ ಗೇಮ್ ವಿಕಿ ಶುರು ಮಾಡುವ ಆಸೆ ಬಂದರೆ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಪ್ರತಿ ಅಪ್‌ಡೇಟ್ ಆದಾಗಲೂ ಪುಟ ತಿದ್ದಲು ನಾಲ್ಕೈದು ಜನ ಗಟ್ಟಿಯಾಗಿ ನಿಲ್ಲಬೇಕು. ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಅದು ಹಳೆಯ ವಜ್ರದ ಮಟ್ಟ ಹೇಳುತ್ತಾ ಕೂರುತ್ತದೆ, ಅದನ್ನು ನಂಬುವವರು ನಮ್ಮ ಮಕ್ಕಳೇ ಆಗಿರುತ್ತಾರೆ.

ಈಗ ನಿಮ್ಮ ಕತ್ತಿಯ ಸಾಲಿಗೆ ಬರೋಣ. ಮೊದಲು ಎಚ್ಚರಿಕೆ ಕಳಿಸಿದವರಿಗೆ ಒಂದು ಸಾಲು ಬರೆಯಿರಿ: ನಾನು ಬೆಡ್‌ರಾಕ್ ಆಡುವವಳು, ಜಾವಾದಲ್ಲಿ ಬೇರೆ ಎಂದು ಗೊತ್ತಿರಲಿಲ್ಲ, ಇನ್ನು ಚರ್ಚೆ ಪುಟದಲ್ಲಿ ಕೇಳಿ ಮಾಡುತ್ತೇನೆ. ಅಷ್ಟು ಸಾಕು, ಕ್ಷಮೆ ಬೇಡುತ್ತಾ ಕೂರಬೇಕಾಗಿಲ್ಲ. ಆಮೇಲೆ ಆ ವಿಕಿಯಲ್ಲಿ ಡ್ಯಾಮೇಜ್ ಬಗ್ಗೆಯೇ ಬೇರೆ ಪುಟ ಇದೆಯೇ, ಎಡಿಷನ್ ವ್ಯತ್ಯಾಸ ಅಲ್ಲಿ ಮೊದಲೇ ಇದೆಯೇ ಹುಡುಕಿ. ಇದ್ದರೆ ಕತ್ತಿಯ ಪುಟದಿಂದ ಅಲ್ಲಿಗೆ ಒಂದು ಕೊಂಡಿ ಕೊಟ್ಟರೆ ಮುಗಿಯಿತು. ಇಲ್ಲದಿದ್ದರೆ ಪರೀಕ್ಷೆ ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ಒಂದು ಏಟು ಬಿದ್ದ ಮೇಲೆ ಆ ಮಾಬ್‌ಗೆ ಅರ್ಧ ಸೆಕೆಂಡ್, ಅಂದರೆ 10 ಟಿಕ್, ಅಷ್ಟೇ ಬಲದ ಇನ್ನೊಂದು ಏಟು ತಾಗುವುದಿಲ್ಲ. ಆದ್ದರಿಂದ 'ಎಷ್ಟು ಬೇಗ ಹೊಡೆದರೂ ಪ್ರತಿ ಏಟೂ ಲೆಕ್ಕಕ್ಕೆ ಬರುತ್ತದೆ' ಎಂದು ಬರೆದರೆ ಬೆಡ್‌ರಾಕ್‌ನಲ್ಲೂ ತಪ್ಪಾಗುತ್ತದೆ. 'ಬೆಡ್‌ರಾಕ್ ಎಡಿಷನ್ನಿನಲ್ಲಿ ಏಟಿನ ನಡುವೆ ಕೂಲ್‌ಡೌನ್ ಇಲ್ಲ' ಎಂಬುದೇ ಸರಿಯಾದ ಸಾಲು. ಜಾವಾದ ಸಾಲನ್ನು ಮುಟ್ಟದೆ ಅದರ ಕೆಳಗೆ ಇದನ್ನು ಸೇರಿಸಿ. ಆವೃತ್ತಿಯ ಸಂಖ್ಯೆಯನ್ನು ಸಾರಾಂಶದ ಪೆಟ್ಟಿಗೆಯಲ್ಲಿ ಬರೆದು, ಮುನ್ನೋಟ ನೋಡಿ ಉಳಿಸಿ.